ಮಸೂದೆ ಇತ್ತು, ಮತಗಳೂ ಇದ್ದವು: ಅಮೆರಿಕ ಸರ್ಕಾರಕ್ಕೆ 35 ದಿನ ಬಿದ್ದ ಬೀಗ

2018ರ ಡಿಸೆಂಬರ್ 19ರ ರಾತ್ರಿ ಅಮೆರಿಕದ ಸೆನೆಟ್ ಒಂದು ತಾತ್ಕಾಲಿಕ ಹಣಕಾಸು ಮಸೂದೆಗೆ ಧ್ವನಿಮತದಿಂದ ಒಪ್ಪಿಗೆ ಕೊಟ್ಟಿತು. ಫೆಬ್ರುವರಿ 8ರವರೆಗೆ ಸರ್ಕಾರದ ಖರ್ಚು ನಡೆಯಲಿ ಎಂಬುದಷ್ಟೇ ಅದರ ಉದ್ದೇಶ. ನಮ್ಮ ಲೇಖಾನುದಾನದ ಜಾತಿಗೆ ಸೇರಿದ ಮಸೂದೆ. ಮೆಕ್ಸಿಕೊ ಗಡಿಯಲ್ಲಿ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಕಟ್ಟಬೇಕೆಂದಿದ್ದ ಗೋಡೆಗೆ ಅದರಲ್ಲಿ ಹೊಸ ಹಣ ಇರಲಿಲ್ಲ. ಆದರೂ ಟ್ರಂಪ್ ಅವರದೇ ರಿಪಬ್ಲಿಕನ್ ಪಕ್ಷದ ಬಹುಮತವಿದ್ದ ಸದನ ಅದನ್ನು ತಕರಾರಿಲ್ಲದೆ ಒಪ್ಪಿತು.

2019ರ ಜನವರಿ 25ರಂದು ಅದೇ ಸೆನೆಟ್ ಬಹುಮಟ್ಟಿಗೆ ಅಂಥದ್ದೇ ಇನ್ನೊಂದು ಮಸೂದೆಯನ್ನು ಮತಗಳ ಎಣಿಕೆಯೇ ಇಲ್ಲದೆ ಅಂಗೀಕರಿಸಿತು. ಈ ಬಾರಿ ಗಡುವು ಫೆಬ್ರುವರಿ 15. ಗೋಡೆಗೆ ಹೊಸ ಹಣ ಈಗಲೂ ಇರಲಿಲ್ಲ. ಈ ಎರಡು ಒಪ್ಪಿಗೆಗಳ ನಡುವೆ ಸರ್ಕಾರದ ಕಾಲು ಭಾಗ 35 ದಿನ ಮುಚ್ಚಿತ್ತು, ಸುಮಾರು ಎಂಟು ಲಕ್ಷ ನೌಕರರಿಗೆ ಸಂಬಳ ಸಿಕ್ಕಿರಲಿಲ್ಲ.

ಎರಡು ಪಕ್ಷಗಳ ವ್ಯವಸ್ಥೆ ಹೀಗೆ ಸಿಕ್ಕಿಬಿದ್ದಾಗಲೆಲ್ಲ ಎತ್ತು ಏರಿಗೆ, ಕೋಣ ನೀರಿಗೆ ಎಳೆಯಿತು ಎಂದು ಹೇಳಿ ಮುಗಿಸುವುದು ಸುಲಭ. ಈ ಪ್ರಕರಣಕ್ಕೆ ಆ ವಿವರಣೆ ಸಾಲದು. ಸರ್ಕಾರವನ್ನು ತೆರೆದಿಡಲು ಬೇಕಾದಷ್ಟು ಮತಗಳು ಮೊದಲ ದಿನದಿಂದಲೂ ಇದ್ದವು ಎಂದು ನಂಬಲು ಸಾಕಷ್ಟು ಕಾರಣಗಳಿವೆ. ಸೆನೆಟ್ ಅದನ್ನು ಮಾಡಿಯೇ ತೋರಿಸಿತ್ತು. ಕೆಳಮನೆಯಾದ ಪ್ರತಿನಿಧಿ ಸಭೆಯಲ್ಲಿ ಡೆಮಾಕ್ರಟಿಕ್ ಪಕ್ಷದವರು ಆ ಮಸೂದೆಗೆ ಬೆಂಬಲ ಕೊಡುವುದಾಗಿ ಹೇಳಿದ್ದರು; ಇಪ್ಪತ್ತು ಚಿಲ್ಲರೆ ರಿಪಬ್ಲಿಕನ್ನರು ಅವರೊಂದಿಗೆ ಕೈ ಎತ್ತಿದ್ದರೆ ಕೆಲಸ ಮುಗಿಯುತ್ತಿತ್ತು. ಆ ಕೈಗಳನ್ನು ಎಣಿಸುವ ಸಂದರ್ಭವೇ ಬರದಂತೆ ನೋಡಿಕೊಳ್ಳಲಾಯಿತು. ಯಾರು, ಯಾವ ಅಧಿಕಾರದಿಂದ, ಯಾರಿಗೆ ಹೆದರಿ ಹಾಗೆ ಮಾಡಿದರು ಎಂಬುದೇ ಇಲ್ಲಿ ಗಮನಿಸಬೇಕಾದ ವಿಷಯ.

ಬೀಗದ ಮೂಲ

ಸಂಸತ್ತು ಕಾನೂನಿನ ಮೂಲಕ ಮಂಜೂರು ಮಾಡದೆ ಖಜಾನೆಯಿಂದ ಹಣ ತೆಗೆಯುವಂತಿಲ್ಲ ಎಂದು ಅಮೆರಿಕದ ಸಂವಿಧಾನ ಹೇಳುತ್ತದೆ. ಮಂಜೂರಾಗದ ಖರ್ಚಿಗೆ ಇಲಾಖೆಗಳು ಕೈಹಾಕಬಾರದೆಂಬ ಕಾಯ್ದೆಯೂ 19ನೇ ಶತಮಾನದಿಂದ ಇದೆ. ಆದರೂ ಅಲ್ಲಿ ಬಹುಕಾಲ ಕಚೇರಿಗಳು ಮುಚ್ಚುತ್ತಿರಲಿಲ್ಲ. ಹಣಕಾಸು ಮಸೂದೆ ತಡವಾದರೆ, ಇವತ್ತಲ್ಲ ನಾಳೆ ಹಣ ಬಂದೇ ಬರುತ್ತದೆ ಎಂಬ ನಂಬಿಕೆಯ ಮೇಲೆ ಕೆಲಸ ನಡೆದುಕೊಂಡು ಹೋಗುತ್ತಿತ್ತು.

1980ರಲ್ಲಿ ಜಿಮ್ಮಿ ಕಾರ್ಟರ್ ಅವರ ಅಟಾರ್ನಿ ಜನರಲ್ ಆಗಿದ್ದ ಬೆಂಜಮಿನ್ ಸಿವಿಲೆಟ್ಟಿ ಆ ಕಾಯ್ದೆಯನ್ನು ಅಕ್ಷರಶಃ ಓದಿದರು. ಮಂಜೂರಾತಿ ಮುಗಿದ ಕ್ಷಣವೇ ಇಲಾಖೆ ಬಾಗಿಲು ಮುಚ್ಚಬೇಕು ಎಂದು ಲಿಖಿತ ಅಭಿಪ್ರಾಯ ಕೊಟ್ಟರು. ಮರುವರ್ಷ ಇನ್ನೊಂದು ಅಭಿಪ್ರಾಯದಲ್ಲಿ ಜೀವರಕ್ಷಣೆ ಮತ್ತು ಆಸ್ತಿರಕ್ಷಣೆಯ ಕೆಲಸಗಳಿಗೆ ವಿನಾಯಿತಿ ಸೇರಿಸಿದರು. 'ಕೆಲಸ ಮಾಡಲೇಬೇಕು, ಸಂಬಳ ಈಗ ಇಲ್ಲ' ಎಂಬ ನೌಕರ ವರ್ಗ ಹುಟ್ಟಿದ್ದು ಹೀಗೆ. ಈಗ ಶಟ್‌ಡೌನ್ ಎಂದರೆ ಅಮೆರಿಕದ ಪ್ರಜಾಪ್ರಭುತ್ವದ ಹುಟ್ಟುಗುಣ ಎಂಬಂತೆ ಮಾತನಾಡುವವರಿದ್ದಾರೆ. ಅದರ ವಯಸ್ಸು ನಲವತ್ತೈದರ ಆಸುಪಾಸು. ಆ ಒಬ್ಬ ವಕೀಲರು ಬೇರೆ ರೀತಿ ಓದಿದ್ದರೆ ಅದು ಇರುತ್ತಲೇ ಇರಲಿಲ್ಲ.

ಸಂಸದೀಯ ಪದ್ಧತಿಯಲ್ಲಿ ಬೆಳೆದ ನಮಗೆ ಇದು ವಿಚಿತ್ರವಾಗಿ ಕಾಣುವುದು ಸಹಜ. ನಮ್ಮಲ್ಲಿ ಹಣಕಾಸು ಮಸೂದೆಗೆ ಕೆಳಮನೆಯಲ್ಲಿ ಸೋಲಾದರೆ ಮಂತ್ರಿಮಂಡಲ ಮನೆಗೆ ಹೋಗುತ್ತದೆ, ತಹಶೀಲ್ದಾರ್ ಕಚೇರಿ ಮುಚ್ಚುವುದಿಲ್ಲ. ಅದೇ 2019ರ ಜುಲೈ 23ರಂದು ಎಚ್.ಡಿ. ಕುಮಾರಸ್ವಾಮಿ ಸರ್ಕಾರ 99–105 ಮತಗಳಿಂದ ವಿಧಾನಸಭೆಯಲ್ಲಿ ಬಿತ್ತು. ರಾಜೀನಾಮೆ, ರೆಸಾರ್ಟು, ಸುಪ್ರೀಂ ಕೋರ್ಟು ಎಲ್ಲವನ್ನೂ ನೋಡಿದ್ದಾಗಿತ್ತು. ಆದರೆ 29ರಂದು ಬಿ.ಎಸ್. ಯಡಿಯೂರಪ್ಪ ವಿಶ್ವಾಸಮತ ಪಡೆದ ದಿನವೇ, ತಿಂಗಳು ಮುಗಿಯುವುದರೊಳಗೆ ಆಗಬೇಕಿದ್ದ ಹಣಕಾಸಿನ ಒಪ್ಪಿಗೆಯನ್ನೂ ಸದನದಿಂದ ಪಡೆದರು. ನಮ್ಮ ಬಿಕ್ಕಟ್ಟು ಸರ್ಕಾರವನ್ನು ಉರುಳಿಸುತ್ತದೆ. ಅಮೆರಿಕದಲ್ಲಿ ನಾಲ್ಕು ವರ್ಷ ಅಧ್ಯಕ್ಷರನ್ನು ಅಲುಗಾಡಿಸುವಂತಿಲ್ಲ, ಎರಡು ವರ್ಷ ಪ್ರತಿನಿಧಿ ಸಭೆಯನ್ನು ವಿಸರ್ಜಿಸುವಂತಿಲ್ಲ. ಯಾರೂ ಬೀಳದ ಕಡೆ ಭಾರವೆಲ್ಲ ನೌಕರನ ಮೇಲೆ ಬೀಳುತ್ತದೆ.

2018ರ ಡಿಸೆಂಬರ್ ವೇಳೆಗೆ ವಾರ್ಷಿಕ 12 ಮಂಜೂರಾತಿ ಮಸೂದೆಗಳಲ್ಲಿ 5 ಕಾನೂನಾಗಿದ್ದವು. ರಕ್ಷಣೆ, ಆರೋಗ್ಯ, ಕಾರ್ಮಿಕ ಇಲಾಖೆಗಳು ಆ ಪಟ್ಟಿಯಲ್ಲಿದ್ದುದರಿಂದ ಪಾರಾದವು. ಉಳಿದ 7 ಮಸೂದೆಗಳ ಆಸರೆಯಲ್ಲಿದ್ದ ಒಂಬತ್ತು ಇಲಾಖೆಗಳು, ಅಂದರೆ ಆಂತರಿಕ ಭದ್ರತೆ, ನ್ಯಾಯ, ವಿದೇಶಾಂಗ, ಖಜಾನೆ, ಕೃಷಿ, ವಾಣಿಜ್ಯ, ಸಾರಿಗೆ, ವಸತಿ ಮತ್ತು ಉದ್ಯಾನಗಳನ್ನು ನೋಡಿಕೊಳ್ಳುವ ಒಳನಾಡು ಇಲಾಖೆ, ಡಿಸೆಂಬರ್ 22ರ ಮಧ್ಯರಾತ್ರಿ ಹಣವಿಲ್ಲದೆ ನಿಂತವು. ಸುಮಾರು 3.8 ಲಕ್ಷ ಜನರನ್ನು ಮನೆಗೆ ಕಳುಹಿಸಲಾಯಿತು. ಸುಮಾರು 4.2 ಲಕ್ಷ ಜನ ಸಂಬಳವಿಲ್ಲದೆ ಕೆಲಸಕ್ಕೆ ಬಂದರು.

ಗೋಡೆಯ ಬೆಲೆ

ಜಗಳ 570 ಕೋಟಿ ಡಾಲರಿನದು. ಆ ವರ್ಷ ಅಮೆರಿಕ ಸರ್ಕಾರದ ಒಟ್ಟು ಖರ್ಚು ನಾಲ್ಕು ಲಕ್ಷ ಕೋಟಿ ಡಾಲರ್ ದಾಟಿತ್ತು. ಅಂದರೆ ಸಾವಿರಕ್ಕೆ ಎರಡು ಪಾಲೂ ಆಗದ ಮೊತ್ತ.

ಗಡಿಬೇಲಿಯ ಬಗ್ಗೆ ಎರಡು ಪಕ್ಷಗಳ ನಡುವೆ ಸೇರಲಾಗದ ಕಂದರವಿತ್ತೇ? ದಾಖಲೆ ಹಾಗೆ ಹೇಳುವುದಿಲ್ಲ. 2006ರಲ್ಲಿ ನೂರಾರು ಮೈಲಿ ಬೇಲಿ ಕಟ್ಟುವ ಕಾನೂನು ಸೆನೆಟ್‌ನಲ್ಲಿ 80–19ರಿಂದ ಅಂಗೀಕಾರವಾಯಿತು. ಪರವಾಗಿ ಮತ ಹಾಕಿದವರಲ್ಲಿ ಡೆಮಾಕ್ರಟಿಕ್ ಪಕ್ಷದ ಬರಾಕ್ ಒಬಾಮ, ಹಿಲರಿ ಕ್ಲಿಂಟನ್ ಇದ್ದರು, 2018ರಲ್ಲಿ ಗೋಡೆಯ ವಿರುದ್ಧ ನಿಂತ ಚಕ್ ಶುಮರ್ ಕೂಡ ಇದ್ದರು. ಇನ್ನೂ ಹತ್ತಿರದ ಉದಾಹರಣೆ 2018ರ ಫೆಬ್ರುವರಿಯದು. ಬಾಲ್ಯದಲ್ಲಿ ದಾಖಲೆಯಿಲ್ಲದೆ ಅಮೆರಿಕಕ್ಕೆ ಬಂದವರಿಗೆ ಪೌರತ್ವದ ದಾರಿ, ಅದಕ್ಕೆ ಪ್ರತಿಯಾಗಿ ಗಡಿ ಭದ್ರತೆಗೆ 2,500 ಕೋಟಿ ಡಾಲರ್ ಎಂಬ ಉಭಯಪಕ್ಷೀಯ ಪ್ರಸ್ತಾವ ಸೆನೆಟ್‌ನಲ್ಲಿ 54–45 ಮತ ಪಡೆಯಿತು. ಚರ್ಚೆ ಮುಗಿಸಿ ಮುಂದೆ ಹೋಗಲು ಬೇಕಾದ 60 ಮತ ಸಿಗದೆ ಬಿತ್ತು. ಶ್ವೇತಭವನವೇ ಅದನ್ನು ಬಲವಾಗಿ ವಿರೋಧಿಸಿತ್ತು. 2,500 ಕೋಟಿಯ ಮಾತು ಬಂದಾಗ ಬೇಡವೆಂದವರು ಹತ್ತು ತಿಂಗಳ ನಂತರ 570 ಕೋಟಿಗೆ ಸರ್ಕಾರ ಮುಚ್ಚಿದರು.

ಹಣ ಚಿಕ್ಕದಾದಂತೆ ಗೋಡೆಯ ಅರ್ಥ ದೊಡ್ಡದಾಗಿತ್ತು. ಟ್ರಂಪ್ 2016ರಲ್ಲಿ ಗೆದ್ದದ್ದೇ ಆ ಗೋಡೆಯ ಮಾತಿನ ಮೇಲೆ. ಅದರ ಖರ್ಚನ್ನು ಮೆಕ್ಸಿಕೊ ಕೊಡುತ್ತದೆ ಎಂದೂ ಹೇಳಿದ್ದರು. 2018ರ ನವೆಂಬರ್ ಚುನಾವಣೆಯಲ್ಲಿ ಪ್ರತಿನಿಧಿ ಸಭೆ ಡೆಮಾಕ್ರಟಿಕ್ ಪಕ್ಷದ ಕೈಗೆ ಹೋಯಿತು. ಹೊಸ ಸಭೆ ಜನವರಿ 3ರಂದು ಸೇರಲಿತ್ತು. ಎರಡೂ ಸದನಗಳು ತನ್ನ ಪಕ್ಷದ ಕೈಯಲ್ಲಿರುವ ಕೊನೆಯ ದಿನಗಳು ಅಧ್ಯಕ್ಷರಿಗೆ ಎದುರಾಗಿದ್ದವು.

ಡಿಸೆಂಬರ್ 11ರಂದು ಡೆಮಾಕ್ರಟಿಕ್ ನಾಯಕರಾದ ಶುಮರ್ ಮತ್ತು ನ್ಯಾನ್ಸಿ ಪೆಲೋಸಿ ಅವರನ್ನು ಕ್ಯಾಮೆರಾಗಳ ಮುಂದೆ ಕೂರಿಸಿಕೊಂಡು, ಗಡಿ ಭದ್ರತೆಗಾಗಿ ಸರ್ಕಾರ ಮುಚ್ಚಲು ತಮಗೆ ಹೆಮ್ಮೆಯೇ, ಆ ಹೊಣೆ ತಮ್ಮದೇ ಎಂದು ಟ್ರಂಪ್ ಹೇಳಿದರು. ಮುಂದೆ ಆ ಹೊಣೆಯನ್ನು ಬೇರೆಯವರ ಹೆಗಲಿಗೆ ಸಾಗಿಸಲು ಎಷ್ಟು ಪ್ರಯತ್ನಪಟ್ಟರೂ ಆ ದೃಶ್ಯ ಅವರನ್ನು ಬಿಡಲಿಲ್ಲ. ಆದರೂ 19ರ ವೇಳೆಗೆ ಅವರು ತಣ್ಣಗಾದಂತೆ ಕಂಡಿತು. ಸೆನೆಟ್ ಧೈರ್ಯವಾಗಿ ಮಸೂದೆ ಅಂಗೀಕರಿಸಿದ್ದು ಅದೇ ನಂಬಿಕೆಯಿಂದ. ಅಷ್ಟರಲ್ಲಿ ಬಲಪಂಥೀಯ ರೇಡಿಯೊ, ಟಿವಿ ವ್ಯಾಖ್ಯಾನಕಾರರು ಅಧ್ಯಕ್ಷರು ಶರಣಾದರೆಂದು ಕೂಗೆಬ್ಬಿಸಿದರು. ಪ್ರತಿನಿಧಿ ಸಭೆಯ ಕಟ್ಟಾ ಸಂಪ್ರದಾಯವಾದಿ ಬಣವೂ ತಿರುಗಿಬಿತ್ತು. 20ರಂದು ಟ್ರಂಪ್ ಅಂಕಿತ ಹಾಕುವುದಿಲ್ಲ ಎಂದರು. ಸ್ಪೀಕರ್ ಪಾಲ್ ರಯಾನ್ ಸೆನೆಟ್ ಮಸೂದೆಯನ್ನು ಹಾಗೆಯೇ ಮತಕ್ಕೆ ಹಾಕುವ ಬದಲು ಅದಕ್ಕೆ 570 ಕೋಟಿ ಸೇರಿಸಿ 217–185ರಿಂದ ಅಂಗೀಕರಿಸಿ ವಾಪಸು ಕಳುಹಿಸಿದರು. ಸೆನೆಟ್‌ನಲ್ಲಿ ಅದಕ್ಕೆ 60 ಮತ ಸಿಗುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ಇಲ್ಲಿಗೆ ಮೊದಲ ಬಾಗಿಲು ಮುಚ್ಚಿತು. ಮುಚ್ಚಿದವರು ರಯಾನ್, ನಿವೃತ್ತಿಯ ಅಂಚಿನಲ್ಲಿದ್ದವರು. ಅವರಿಗೆ ಮುಂದಿನ ಚುನಾವಣೆಯ ಭಯವೂ ಇರಲಿಲ್ಲ ಎಂಬುದು ನನಗೆ ಇಂದಿಗೂ ಬಿಡಿಸಲಾಗದ ಒಗಟು.

ಎರಡನೆಯ ಬಾಗಿಲು

ಜನವರಿ 3ರಂದು ಪೆಲೋಸಿ ಸ್ಪೀಕರ್ ಆದರು. ಅದೇ ದಿನ ಪ್ರತಿನಿಧಿ ಸಭೆ ಎರಡು ಮಸೂದೆ ಅಂಗೀಕರಿಸಿತು. ಆಂತರಿಕ ಭದ್ರತಾ ಇಲಾಖೆಗೆ ಫೆಬ್ರುವರಿ 8ರವರೆಗೆ ತಾತ್ಕಾಲಿಕ ಹಣ ಒಂದರಲ್ಲಿ. ಗೋಡೆಗೆ ಸಂಬಂಧವೇ ಇಲ್ಲದ ಉಳಿದ ಇಲಾಖೆಗಳಿಗೆ ಸೆಪ್ಟೆಂಬರ್‌ವರೆಗಿನ ಹಣ ಇನ್ನೊಂದರಲ್ಲಿ. ಎರಡನೆಯದು ರಿಪಬ್ಲಿಕನ್ ಹಿಡಿತದ ಸೆನೆಟ್ ಹಿಂದಿನ ವರ್ಷ ತಾನೇ ಸಿದ್ಧಪಡಿಸಿದ್ದ ಮಸೂದೆಗಳ ಕಟ್ಟು. ಅದರಲ್ಲಿ ನಾಲ್ಕನ್ನು ಸೆನೆಟ್ ಆಗಸ್ಟ್‌ನಲ್ಲಿ 92–6ರಿಂದ ಒಪ್ಪಿತ್ತು. ತನ್ನದೇ ಕೂಸನ್ನು ಎತ್ತಿಕೊಳ್ಳಲು ಸೆನೆಟ್ ಹಿಂಜರಿಯಿತು. ಅಧ್ಯಕ್ಷರು ಅಂಕಿತ ಹಾಕದ ಮಸೂದೆಯನ್ನು ಸದನದ ಮುಂದೆ ತರುವುದಿಲ್ಲ ಎಂದು ಬಹುಮತದ ನಾಯಕ ಮಿಚ್ ಮೆಕಾನೆಲ್ ಹೇಳಿಬಿಟ್ಟರು.

ಅಧ್ಯಕ್ಷರ ವಿಟೊ, ಅಂದರೆ ಮಸೂದೆಯನ್ನು ತಡೆಯುವ ಅಧಿಕಾರ, ಸಂವಿಧಾನದಲ್ಲಿದೆ. ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬಂದರೆ ವಿಟೊವನ್ನು ಮೀರಬಹುದು ಎಂಬುದೂ ಅದೇ ಸಂವಿಧಾನದಲ್ಲಿದೆ. ಅಧ್ಯಕ್ಷರು ವಿಟೊ ಹಾಕುವ ಮೊದಲೇ ಅವರ ಪರವಾಗಿ ಸದನದ ನಾಯಕ ಬಾಗಿಲು ಕಾಯಬೇಕು ಎಂದು ಎಲ್ಲಿಯೂ ಬರೆದಿಲ್ಲ. ಅದು ಪಕ್ಷದ ಅನುಕೂಲಕ್ಕೆ ಬೆಳೆದ ರೂಢಿ. ಮತಕ್ಕೆ ಹಾಕಿದ್ದರೆ ಅಧ್ಯಕ್ಷರ ಪರವೋ ಸರ್ಕಾರ ತೆರೆಯುವ ಪರವೋ ಎಂದು ಪ್ರತಿ ರಿಪಬ್ಲಿಕನ್ ಸದಸ್ಯನೂ ದಾಖಲೆಯಲ್ಲಿ ತೋರಿಸಿಕೊಳ್ಳಬೇಕಾಗುತ್ತಿತ್ತು. ಅಧ್ಯಕ್ಷರ ಪರ ಎಂದರೆ ಸಾಮಾನ್ಯ ಚುನಾವಣೆಯಲ್ಲಿ ಪೆಟ್ಟು, ವಿರುದ್ಧ ಎಂದರೆ ಸ್ವಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರಾಥಮಿಕ ಚುನಾವಣೆಯಲ್ಲಿ ಪೆಟ್ಟು. ತನ್ನವರನ್ನು ಎರಡರಿಂದಲೂ ಕಾಪಾಡುವುದೇ ನಾಯಕನ ಕೆಲಸವೆಂದು ಮೆಕಾನೆಲ್ ತಿಳಿದಿದ್ದರು; ಆ ಕೆಲಸವನ್ನು ಅವರು ಚೆನ್ನಾಗಿಯೇ ಮಾಡಿದರು.

ಇದು ಮೊದಲ ಸಲವೂ ಅಲ್ಲ. 2013ರ ಅಕ್ಟೋಬರ್‌ನಲ್ಲಿ ಒಬಾಮ ಅವರ ಆರೋಗ್ಯ ವಿಮೆ ಕಾಯ್ದೆಯ ಮೇಲಿನ ಜಗಳದಲ್ಲಿ ಸರ್ಕಾರ 16 ದಿನ ಮುಚ್ಚಿತ್ತು. ಆಗಿನ ಸ್ಪೀಕರ್ ಜಾನ್ ಬೇನರ್ ಕೊನೆಗೂ ಮಸೂದೆಯನ್ನು ಮತಕ್ಕೆ ಹಾಕಿದಾಗ 285–144ರಿಂದ ಗೆದ್ದಿತು. ಅವರ ಪಕ್ಷದವರಲ್ಲಿ ಪರ ಬಂದವರು 87 ಮಂದಿ ಮಾತ್ರ. ಉಳಿದದ್ದೆಲ್ಲ ಎದುರು ಪಕ್ಷದ ಮತ. ಸ್ವಪಕ್ಷದ ಬಹುಪಾಲು ಒಪ್ಪದ ಮಸೂದೆಯನ್ನು ಸದನಕ್ಕೆ ತರಬಾರದು ಎಂಬ ರಿಪಬ್ಲಿಕನ್ ಸ್ಪೀಕರ್‌ಗಳ ರೂಢಿಯನ್ನು ಮುರಿಯಲು ಬೇನರ್ ಅವರಿಗೆ ಹದಿನಾರು ದಿನ ಬೇಕಾಯಿತು.

ಡೆಮಾಕ್ರಟಿಕ್ ಪಕ್ಷದವರು ಶುದ್ಧಹಸ್ತರೇ? 2006ರಲ್ಲಿ ಬೇಲಿಗೆ ಮತ ಹಾಕಿದ ಪಕ್ಷ 2019ರಲ್ಲಿ ಗೋಡೆಯನ್ನು ಅನೈತಿಕ ಎಂದಿತು. ಸರ್ಕಾರ ಮುಚ್ಚಿ ಬೆದರಿಸಿದವರಿಗೆ ಒಮ್ಮೆ ಮಣಿದರೆ ಪ್ರತಿ ವರ್ಷವೂ ಮಣಿಯಬೇಕಾಗುತ್ತದೆ ಎಂಬ ಅವರ ವಾದದಲ್ಲಿ ತಥ್ಯವಿತ್ತು. ಆದರೆ ಹೊಸ ಬಹುಮತದ ಮೊದಲ ವಾರದಲ್ಲೇ ಗೋಡೆಗೆ ಹಣ ಕೊಟ್ಟರೆ ತಮ್ಮ ಮತದಾರರ ಮುಖ ನೋಡುವಂತಿರಲಿಲ್ಲ ಎಂಬುದೂ ಅಷ್ಟೇ ನಿಜ. ಜನವರಿ 19ರಂದು ಟ್ರಂಪ್ ಗೋಡೆಯ ಹಣಕ್ಕೆ ಬದಲಾಗಿ ದಾಖಲೆಯಿಲ್ಲದ ಯುವ ವಲಸಿಗರಿಗೆ ಮೂರು ವರ್ಷದ ರಕ್ಷಣೆ ಕೊಡುವೆನೆಂದಾಗ ಅವರು ಅದನ್ನು ಚರ್ಚೆಗೂ ಎತ್ತಿಕೊಳ್ಳಲಿಲ್ಲ.

ಉಳಿದದ್ದು ಹುಡುಗಾಟ. ಸಂಸತ್ತಿನ ಜಂಟಿ ಅಧಿವೇಶನದಲ್ಲಿ ಅಧ್ಯಕ್ಷರು ಮಾಡುವ ವಾರ್ಷಿಕ ಭಾಷಣವನ್ನು ಮುಂದೂಡಿ ಎಂದು ಪೆಲೋಸಿ ಪತ್ರ ಬರೆದರು. ಮರುದಿನ ಟ್ರಂಪ್, ಪೆಲೋಸಿಯವರ ವಿದೇಶ ಪ್ರವಾಸಕ್ಕಿದ್ದ ಸೇನಾ ವಿಮಾನವನ್ನು ರದ್ದು ಮಾಡಿದರು.

ಸಂಬಳದ ದಿನಗಳು

ಜನವರಿ 11 ಮೊದಲ ಸಂಬಳ ತಪ್ಪಿದ ದಿನ. ಸೇನೆಯ ಇತರ ವಿಭಾಗಗಳಿಗೆ ಹಣ ಮಂಜೂರಾಗಿತ್ತು, ಕರಾವಳಿ ಕಾವಲು ಪಡೆಗೆ ಇರಲಿಲ್ಲ. ಅದು ರಕ್ಷಣಾ ಇಲಾಖೆಗೆ ಸೇರದೆ ಆಂತರಿಕ ಭದ್ರತಾ ಇಲಾಖೆಗೆ ಸೇರಿರುವುದೇ ಕಾರಣ. ಸಮವಸ್ತ್ರ ಧರಿಸಿ ಸಮುದ್ರದಲ್ಲಿದ್ದ ಹತ್ತಾರು ಸಾವಿರ ಮಂದಿಗೆ ಜನವರಿ ಮಧ್ಯದ ಸಂಬಳ ಬರಲಿಲ್ಲ. ಆ ಪಡೆಯ ನೌಕರರಿಗೆ ನೆರವಾಗಲು ಹಂಚಿದ ಸಲಹಾಪತ್ರವೊಂದರಲ್ಲಿ ಹಳೆಯ ಸಾಮಾನು ಮಾರಿ, ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಹಿಡಿಯಿರಿ, ನೆರೆಯವರ ನಾಯಿ ಅಡ್ಡಾಡಿಸಿ ಎಂದೆಲ್ಲ ಬರೆದಿತ್ತು. ಸುದ್ದಿಯಾದ ಮೇಲೆ ಅದನ್ನು ಹಿಂತೆಗೆದುಕೊಂಡರು. ವಾಣಿಜ್ಯ ಸಚಿವ ವಿಲ್ಬರ್ ರಾಸ್ ಅವರಂತೂ ನೌಕರರು ಉಚಿತ ಆಹಾರ ಕೇಂದ್ರಗಳಿಗೆ ಯಾಕೆ ಹೋಗುತ್ತಾರೋ ತಮಗೆ ಅರ್ಥವಾಗುತ್ತಿಲ್ಲ, ಸಾಲ ತೆಗೆದುಕೊಳ್ಳಬಹುದಲ್ಲ ಎಂದರು. ಅವರು ಭಾರಿ ಶ್ರೀಮಂತರು.

ಆಹಾರ ತಯಾರಿಕಾ ಘಟಕಗಳ ಮಾಮೂಲಿ ತಪಾಸಣೆ ನಿಂತಿತು. ಸಿಬ್ಬಂದಿಯಿಲ್ಲದೆ ತೆರೆದಿದ್ದ ರಾಷ್ಟ್ರೀಯ ಉದ್ಯಾನಗಳಲ್ಲಿ ಕಸ ತುಂಬಿತು. ಈ ಪಟ್ಟಿಯಲ್ಲಿ ನನಗೆ ಅತ್ಯಂತ ವಿಲಕ್ಷಣವಾಗಿ ಕಂಡದ್ದು ಬೇರೆಯೇ. ಅಕ್ರಮ ವಲಸೆ ತಡೆಯಲೆಂದು ಶುರುವಾದ ಈ ಹಟದಿಂದಾಗಿ ವಲಸೆ ನ್ಯಾಯಾಲಯಗಳ ಹತ್ತಾರು ಸಾವಿರ ವಿಚಾರಣೆಗಳು ರದ್ದಾದವು. ಹೊಸ ನೌಕರನಿಗೆ ಅಮೆರಿಕದಲ್ಲಿ ದುಡಿಯುವ ಹಕ್ಕಿದೆಯೇ ಎಂದು ಕಂಪನಿಗಳು ಪರಿಶೀಲಿಸುವ ಇ-ವೆರಿಫೈ ವ್ಯವಸ್ಥೆಯೇ ಮುಚ್ಚಿತು. ವಿಜ್ಞಾನ, ಎಂಜಿನಿಯರಿಂಗ್ ಓದಿ ಅಲ್ಲೇ ಎರಡು ವರ್ಷ ಹೆಚ್ಚುವರಿ ತರಬೇತಿ ಕೆಲಸ ಬಯಸುವ ವಿದೇಶಿ ವಿದ್ಯಾರ್ಥಿಗೆ ಇ-ವೆರಿಫೈನಲ್ಲಿ ನೋಂದಾಯಿಸಿಕೊಂಡ ಕಂಪನಿಯೇ ಬೇಕು. ನಮ್ಮ ಕಡೆಯ ಎಂಜಿನಿಯರಿಂಗ್ ಕಾಲೇಜುಗಳಿಂದ ಹೋದ ಮಕ್ಕಳಿಗೆ ಈ ನಿಯಮ ಬಾಯಿಪಾಠ. ಎಚ್-1ಬಿ ಅರ್ಜಿದಾರರು ಈ ಬಾರಿ ಬಚಾವಾದರು. ವೀಸಾ ಅರ್ಜಿ ನೋಡುವ ಸಂಸ್ಥೆ ಅರ್ಜಿ ಶುಲ್ಕದಿಂದಲೇ ನಡೆಯುತ್ತದೆ, ಕಾರ್ಮಿಕ ಇಲಾಖೆಗೆ ಮೊದಲೇ ಹಣ ಸಿಕ್ಕಿತ್ತು. 2013ರಲ್ಲಿ ಆ ಇಲಾಖೆಯೂ ಮುಚ್ಚಿ, ಎಚ್-1ಬಿಗೆ ಬೇಕಾದ ಮೊದಲ ದಾಖಲೆಯೇ ಸಿಗದಂತಾಗಿತ್ತು.

ಜನವರಿ 16ರಂದು ಟ್ರಂಪ್ ಒಂದು ಕಾನೂನಿಗೆ ಅಂಕಿತ ಹಾಕಿದರು: ಶಟ್‌ಡೌನ್ ಮುಗಿದ ಮೇಲೆ ನೌಕರರಿಗೆಲ್ಲ ಬಾಕಿ ಸಂಬಳ ಖಾತರಿ. ಒಳ್ಳೆಯ ಕಾನೂನೇ, ಬೇಡವೆನ್ನಲು ಯಾರಿಗೂ ಬಾಯಿ ಬರದು. ಅದರ ಅರ್ಥ ಮಾತ್ರ ಇಷ್ಟು: ಮನೆಯಲ್ಲಿ ಕೂತ 3.8 ಲಕ್ಷ ಜನರಿಗೂ ಕೊನೆಗೆ ಪೂರ್ತಿ ಸಂಬಳ ಸಲ್ಲುತ್ತದೆ, ಕೆಲಸವಷ್ಟೇ ಆಗುವುದಿಲ್ಲ. ಉಳಿತಾಯದ ನೆಪವೂ ಉಳಿಯಲಿಲ್ಲ. ಸರ್ಕಾರಿ ಕಟ್ಟಡಗಳಲ್ಲಿ ಗುಡಿಸುವ, ಅಡುಗೆ ಮಾಡುವ, ಕಾವಲು ಕಾಯುವ ಗುತ್ತಿಗೆ ಕಾರ್ಮಿಕರಿಗೆ ಆ ಕಾನೂನು ಅನ್ವಯಿಸಲಿಲ್ಲ. ಅವರು ಕಳೆದುಕೊಂಡ ಕೂಲಿ ಬರಲೇ ಇಲ್ಲ.

ಬೀಗ ತೆಗೆದವರು

ಜನವರಿ 24ರಂದು ಮೆಕಾನೆಲ್ ಕೊನೆಗೂ ಎರಡು ಪ್ರಸ್ತಾವಗಳನ್ನು ಮತಕ್ಕೆ ಬಿಟ್ಟರು. ಗೋಡೆಯ ಹಣವಿದ್ದ ಟ್ರಂಪ್ ಯೋಜನೆಗೆ 50–47. ಗೋಡೆಯ ಹಣವಿಲ್ಲದ ಡೆಮಾಕ್ರಟಿಕ್ ಪ್ರಸ್ತಾವಕ್ಕೆ 52–44. ಎರಡಕ್ಕೂ 60 ಸಿಗಲಿಲ್ಲ, ಎರಡೂ ಬಿದ್ದವು. ಆದರೆ 53 ರಿಪಬ್ಲಿಕನ್ನರಿದ್ದ ಸದನದಲ್ಲಿ ಎದುರು ಪಕ್ಷದ ಪ್ರಸ್ತಾವಕ್ಕೆ ಸ್ವಂತ ಅಧ್ಯಕ್ಷರದ್ದಕ್ಕಿಂತ ಎರಡು ಮತ ಹೆಚ್ಚು ಬಂದಿತ್ತು. ಆರು ರಿಪಬ್ಲಿಕನ್ನರು ಆ ಕಡೆ ಹೋಗಿದ್ದರು. ತಿಂಗಳಿಂದ ಮುಚ್ಚಿಟ್ಟಿದ್ದ ಲೆಕ್ಕ ಒಂದೇ ಮಧ್ಯಾಹ್ನದಲ್ಲಿ ಬಯಲಾಯಿತು.

ಮರುದಿನ, ಎರಡನೆಯ ಸಂಬಳವೂ ತಪ್ಪಿದ ಶುಕ್ರವಾರ, ವರ್ಜೀನಿಯಾ ಮತ್ತು ಫ್ಲಾರಿಡಾದ ಎರಡು ವಿಮಾನ ಸಂಚಾರ ನಿಯಂತ್ರಣ ಕೇಂದ್ರಗಳಲ್ಲಿ ಬೆರಳೆಣಿಕೆಯ ನೌಕರರು ಅನಾರೋಗ್ಯದ ರಜೆ ಹಾಕಿದರು. ನ್ಯೂಯಾರ್ಕಿನ ಲಾಗ್ವಾರ್ಡಿಯಾ ವಿಮಾನ ನಿಲ್ದಾಣಕ್ಕೆ ಬರಬೇಕಿದ್ದ ವಿಮಾನಗಳನ್ನು ಸ್ವಲ್ಪ ಹೊತ್ತು ತಡೆಹಿಡಿಯಲಾಯಿತು. ನೆವಾರ್ಕ್, ಫಿಲಡೆಲ್ಫಿಯಾದಲ್ಲೂ ವಿಳಂಬ. ಭದ್ರತಾ ತಪಾಸಣೆಯ ಸಿಬ್ಬಂದಿಯಲ್ಲಿ ಹತ್ತರಲ್ಲೊಬ್ಬರು ಗೈರಾಗುವ ಮಟ್ಟ ಆ ವಾರದ ಆರಂಭದಲ್ಲೇ ಮುಟ್ಟಿತ್ತು. ಅಂದೇ ಮಧ್ಯಾಹ್ನ ಟ್ರಂಪ್ ಶ್ವೇತಭವನದ ಗುಲಾಬಿ ತೋಟದಲ್ಲಿ ನಿಂತು ಮೂರು ವಾರದ ಮಟ್ಟಿಗೆ ಸರ್ಕಾರ ತೆರೆಯುವುದಾಗಿ ಪ್ರಕಟಿಸಿದರು. ಸಂಸತ್ತಿನ ಎರಡೂ ಸದನಗಳು ಸಂಜೆಯೊಳಗೆ ಕೆಲಸ ಮುಗಿಸಿದವು.

ಕೃಷಿ ಕಚೇರಿ ಮುಚ್ಚಿದ್ದರಿಂದ ಸಾಲದ ಕಾಗದ ಸಿಗದ ರೈತ ವಾರಗಟ್ಟಲೆ ಕಾದ. ರಾಜಧಾನಿಗೆ ಅದು ಕೇಳಿಸಲಿಲ್ಲ. ಪೂರ್ವ ಕರಾವಳಿಯ ವಿಮಾನ ಒಂದೆರಡು ಗಂಟೆ ತಡವಾದದ್ದು ಕೇಳಿಸಿತು. ನೋವು ಎಷ್ಟು ಜನರಿಗಾಯಿತು ಎಂಬುದಕ್ಕಿಂತ ಯಾರಿಗೆ ತಾಗಿತು ಎಂಬುದು ಇಂಥ ಬಿಕ್ಕಟ್ಟುಗಳ ಆಯಸ್ಸನ್ನು ನಿರ್ಧರಿಸುತ್ತದೆ.

ಲೆಕ್ಕ ಹೀಗಾಯಿತು. ಸಂಸತ್ತಿನ ಬಜೆಟ್ ಕಚೇರಿಯ ಅಂದಾಜಿನಂತೆ ಆರ್ಥಿಕತೆಗೆ ಆದ ನಷ್ಟ 1,100 ಕೋಟಿ ಡಾಲರ್, ಅದರಲ್ಲಿ 300 ಕೋಟಿ ಮತ್ತೆ ಬರುವಂಥದ್ದಲ್ಲ. ಫೆಬ್ರುವರಿ 14ರಂದು ಪೂರ್ಣ ಮಂಜೂರಾತಿ ಮಸೂದೆ ಸೆನೆಟ್‌ನಲ್ಲಿ 83–16, ಪ್ರತಿನಿಧಿ ಸಭೆಯಲ್ಲಿ 300–128ರಿಂದ ಅಂಗೀಕಾರವಾಯಿತು. ಅದರಲ್ಲಿ ಬೇಲಿಗೆ ಸಿಕ್ಕಿದ್ದು 137.5 ಕೋಟಿ ಡಾಲರ್, 55 ಮೈಲಿ. ಶಟ್‌ಡೌನ್‌ಗೂ ಮೊದಲು ಸೆನೆಟ್ ಸಮಿತಿಯ ಮಸೂದೆಯಲ್ಲಿ ಇದ್ದುದು 160 ಕೋಟಿ.

ಮರುದಿನ ಟ್ರಂಪ್ ಮಸೂದೆಗೆ ಅಂಕಿತ ಹಾಕಿ, ಅದೇ ದಿನ ರಾಷ್ಟ್ರೀಯ ತುರ್ತುಸ್ಥಿತಿ ಘೋಷಿಸಿ, ಸೇನಾ ಕಟ್ಟಡಗಳಿಗೆಂದು ಇಟ್ಟಿದ್ದ 360 ಕೋಟಿ ಡಾಲರ್ ಸೇರಿದಂತೆ ಬೇರೆ ಬಾಬುಗಳ ಹಣವನ್ನು ಗೋಡೆಯತ್ತ ತಿರುಗಿಸಿದರು. ಸೆನೆಟ್ ಅದನ್ನು 59–41ರಿಂದ ತಿರಸ್ಕರಿಸಿತು. ಹನ್ನೆರಡು ರಿಪಬ್ಲಿಕನ್ನರು ವಿರುದ್ಧ ನಿಂತರು. ಟ್ರಂಪ್ ವಿಟೊ ಹಾಕಿದರು. ಅದನ್ನು ಮೀರಲು ಪ್ರತಿನಿಧಿ ಸಭೆಯಲ್ಲಿ ಬಂದದ್ದು 248 ಮತ. ಮೂರನೇ ಎರಡಕ್ಕೆ ಅದು ಸಾಲಲಿಲ್ಲ. ಹಣದ ಮೇಲಿನ ಹಿಡಿತ ಸಂಸತ್ತಿನದು ಎಂಬ ಮಾತಿಗೆ ಈ ಪ್ರಕರಣದಲ್ಲಿ ಬಿದ್ದ ದೊಡ್ಡ ಪೆಟ್ಟು 35 ದಿನಗಳಲ್ಲ, ಈ ಒಂದು ಘೋಷಣೆ. ಎರಡು ಪಕ್ಷಗಳ ಸಂಸತ್ತು ಕಗ್ಗಂಟಾದರೆ ಅಧಿಕಾರ ಯಾರ ಕಡೆ ಹರಿಯುತ್ತದೆ ಎಂಬುದು ಮುಂದಿನ ಅಧ್ಯಕ್ಷರಿಗೂ ಗೊತ್ತಾಗಿ ಹೋಯಿತು.

ಮಂಜೂರಾತಿ ತಪ್ಪಿದರೆ ಹಿಂದಿನ ವರ್ಷದ ಮಟ್ಟದಲ್ಲೇ ಹಣ ತಾನಾಗಿ ಮುಂದುವರಿಯಲಿ ಎಂಬ ಮಸೂದೆಗಳು ಆ ವರ್ಷ ಎರಡೂ ಪಕ್ಷಗಳಿಂದ ಬಂದವು. ರಿಪಬ್ಲಿಕನ್ ಸೆನೆಟರ್ ರಾಬ್ ಪೋರ್ಟ್‌ಮನ್ ವರ್ಷಗಳಿಂದ ಅದನ್ನೇ ಮಂಡಿಸುತ್ತ ಬಂದಿದ್ದರು. ಡೆಮಾಕ್ರಟಿಕ್ ಪಕ್ಷದ ಮಾರ್ಕ್ ವಾರ್ನರ್ ಇನ್ನೊಂದನ್ನು ತಂದರು. ಸಿವಿಲೆಟ್ಟಿ ಹಾಕಿದ ಬೀಗಕ್ಕೆ ಇದೊಂದೇ ನೇರವಾದ ಕೀಲಿ, ಖರ್ಚೂ ಇಲ್ಲ. ಯಾವುದೂ ಕಾನೂನಾಗಲಿಲ್ಲ. ಹಣ ತಾನಾಗಿ ಹರಿದರೆ ತಮ್ಮ ಬಳಿಗೆ ಯಾರು ಬರುತ್ತಾರೆ ಎಂಬ ಅಂಜಿಕೆ ಮಂಜೂರಾತಿ ಸಮಿತಿಗಳಿಗೆ. ಅಧಿಕಾರವಿಲ್ಲದ ವರ್ಷಗಳಲ್ಲಿ ತಮಗೂ ಈ ಬೀಗ ಬೇಕಾಗಬಹುದು ಎಂಬ ಲೆಕ್ಕ ಎರಡೂ ಪಕ್ಷಗಳಿಗೆ. 2025ರ ಅಕ್ಟೋಬರ್ 1ರಂದು ಆ ಲೆಕ್ಕ ಕೆಲಸಕ್ಕೆ ಬಂತು. ಎರಡೂ ಸದನಗಳು ರಿಪಬ್ಲಿಕನ್ನರ ಕೈಯಲ್ಲಿದ್ದವು. ಆರೋಗ್ಯ ವಿಮೆಯ ಸಹಾಯಧನ ಮುಂದುವರಿಯಬೇಕೆಂದು ಪಟ್ಟು ಹಿಡಿದ ಡೆಮಾಕ್ರಟಿಕ್ ಸೆನೆಟರುಗಳು ಈ ಬಾರಿ 60 ಮತದ ನಿಯಮವನ್ನು ಆಸರೆ ಮಾಡಿಕೊಂಡರು. ಬೀಗ 43 ದಿನ ಇತ್ತು, ಮತ್ತೆ ವಿಮಾನ ನಿಲ್ದಾಣಗಳಲ್ಲಿ ಹಾರಾಟ ಕಡಿತವಾಯಿತು, ಆ ಪಕ್ಷದ ಬಣದ ಎಂಟು ಮಂದಿ ಆಚೆ ಕಡೆ ಮತ ಹಾಕಿದ ಮೇಲೆ ತೆರೆಯಿತು. ಸಹಾಯಧನ ಮುಂದುವರಿಸುವ ಅಂಶ ಆ ಮಸೂದೆಯಲ್ಲಿ ಇರಲಿಲ್ಲ.